ಸರ ಅನಿಸಿಕೊಂಡ ಊರು

ಕುಷ್ಟಗಿಯ ಹಳೇ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿರುವ ಫಾರೂಕನಿಗೆ ಆ ಊರಿನಲ್ಲಿ ಇದುವರೆಗೆ ಯಾರೂ 'ಸರ' ಅಂದದ್ದಿಲ್ಲ. ಅವನ ಅಪ್ಪ ಅದೇ ಅಂಗಡಿಯಲ್ಲಿ ಮೂವತ್ತು ವರ್ಷ ಸೀಮೆಎಣ್ಣೆ ಸ್ಟೌವ್ ರಿಪೇರಿ ಮಾಡಿದವನು. ಮನೆಮನೆಯಿಂದ ಸ್ಟೌವುಗಳು ಹೋದವು, ಅಪ್ಪನೂ ಹೋದ, ಹೆಸರು ಮಾತ್ರ ಅಂಗಡಿಯ ಕಟ್ಟೆಯಿಂದ ಇಳಿಯಲಿಲ್ಲ. ಫಾರೂಕ ಯಾವುದೋ ಡಾಕ್ಟರರ ಲ್ಯಾಪ್‌ಟಾಪಿನ ಹೊಟ್ಟೆ ಬಿಚ್ಚಿ, ಕಣ್ಣಿಗೆ ಭೂತಗನ್ನಡಿ ಏರಿಸಿ ಕುಳಿತಿರುವಾಗಲೂ ರಸ್ತೆಯಲ್ಲಿ ಹೋಗುವವರು, "ಏ ಸ್ಟೌವ್‌ಸಾಬನ ಮಗನ, ನಮ್ಮ ಮಿಕ್ಸರ್ ಒಂಚೂರು ನೋಡತೀ ಏನೋ?" ಎಂದು ಕೂಗಿಯೇ ಮುಂದೆ ಹೋಗುತ್ತಿದ್ದರು. ನಲವತ್ತೆರಡು ವರ್ಷದ, ಕಿವಿಯ ಮೇಲೆ ಬೆಳ್ಳಗಾದ ಗಂಡಸಿಗೆ ಇದು ಹಿತವಾಗುವ ಮಾತಲ್ಲ. ಆದರೆ ಹುಟ್ಟಿದೂರಿನ ಬಾಯಿಗೆ ಪಾಸ್‌ವರ್ಡ್ ಹಾಕಲು ಬರುವುದಿಲ್ಲ.

ಅವನನ್ನು 'ಸರ' ಎನ್ನುವ ಊರು ಭೂಮಿಯ ಮೇಲೆ ಒಂದೇ ಒಂದಿತ್ತು: ಮಂಗಳೂರು. ಸಮುದ್ರ, ಬಂದರು ಇರುವ ಮಂಗಳೂರಲ್ಲ. ಯಲಬುರ್ಗಾ ಸೀಮೆಯದು, ಕಡಲೆ ಜೋಳ ಬೆಳೆಯುವುದು, ಪತ್ರ ಬರೆದವರು ಜಿಲ್ಲೆ ಹಾಕುವುದು ಮರೆತರೆ ಪತ್ರ ಎಂಬತ್ತು ಹರದಾರಿ ಆಚೆ ಹೋಗಿ ಮರಳಿ ಬರುವುದು. ಅಲ್ಲಿ ಪಂಚಾಯತಿ ಕಟ್ಟಡಕ್ಕೆ ಬೆನ್ನು ಹಚ್ಚಿದ ಗ್ರಂಥಾಲಯವೊಂದಿತ್ತು. ಅದನ್ನು ನೋಡಿಕೊಳ್ಳುವ ಶರಣಬಸಮ್ಮ ಪುಸ್ತಕಕ್ಕೆ ರಟ್ಟು ಹಾಕುವಷ್ಟೇ ಅಚ್ಚುಕಟ್ಟಾಗಿ ಮನುಷ್ಯರಿಗೆ ಮರ್ಯಾದೆ ಹಾಕುವ ಹೆಂಗಸು. ಯಾರೋ ಪುಣ್ಯಾತ್ಮರು ತಮ್ಮ ಆಫೀಸಿನಲ್ಲಿ ಹಳತಾದ ಆರು ಕಂಪ್ಯೂಟರುಗಳನ್ನು ಆ ಗ್ರಂಥಾಲಯಕ್ಕೆ ದಾನ ಕೊಟ್ಟಿದ್ದರು. ದಾನದ ಆಕಳ ಹಲ್ಲು ನೋಡುವ ಪದ್ಧತಿ ಇಲ್ಲವಾದ್ದರಿಂದ ಯಾರೂ ನೋಡಿರಲಿಲ್ಲ. ಅವುಗಳಲ್ಲಿ ವಿಂಡೋಸ್ ಇರಲಿಲ್ಲ, ಲಿನಕ್ಸ್ ಇತ್ತು. ಗೋಡೆಯುದ್ದಕ್ಕೆ ಕೇಬಲ್ ಎಳೆಯುವ ಬದಲು ಒಂದೊಂದು ಮಷಿನಿಗೂ ಬೆರಳುದ್ದದ ಒಂದೊಂದು ವೈಫೈ ಅಡಾಪ್ಟರ್ ಚುಚ್ಚಿ ಕಳಿಸಿದ್ದರು. ಅಡಾಪ್ಟರಿಗೆ ಲಿನಕ್ಸ್ ಗೊತ್ತಿರಲಿಲ್ಲ, ಲಿನಕ್ಸಿಗೆ ಅಡಾಪ್ಟರ್ ಗೊತ್ತಿರಲಿಲ್ಲ. ಕೊಪ್ಪಳದಿಂದ ಬಂದ ಇಬ್ಬರು ನೋಡಿ, "ಇದು ಆಗಂಗಿಲ್ಲ, ಹೊಸಾವು ತಗೋರಿ" ಎಂದು ಚಹಾ ಕುಡಿದು ಹೋದರು.

ಫಾರೂಕ ಎರಡು ದಿನ ಕುಳಿತು ಅದನ್ನು ಬಿಡಿಸಿದ. ಇದನ್ನು ಅವನ ಲೆಕ್ಕಕ್ಕೆ ಬರೆಯಲೇಬೇಕು, ಮುಂದೆ ಬರೆಯುವುದಕ್ಕೆ ಒಳ್ಳೆಯದು ಹೆಚ್ಚೇನಿಲ್ಲ. ಆ ಅಡಾಪ್ಟರ್ ಒಳಗೆ ಚುಚ್ಚಿದ ಕೂಡಲೇ ತಾನು ವೈಫೈ ಅಲ್ಲ, ಸಿಡಿ ಎಂದು ಸುಳ್ಳು ಹೇಳುತ್ತಿತ್ತು. ಆ ಸಿಡಿಯನ್ನು ಹೊರದಬ್ಬಿದರೆ ಮಾತ್ರ ತನ್ನ ನಿಜವಾದ ಹೆಸರು ಬಾಯಿಬಿಡುತ್ತಿತ್ತು. ಹೆಸರು ಸಿಕ್ಕ ಮೇಲೆ ಅದರ ಡ್ರೈವರ್, ಅಂದರೆ ಯಂತ್ರಕ್ಕೂ ಲಿನಕ್ಸಿಗೂ ನಡುವೆ ದುಭಾಷಿಯಾಗಿ ನಿಲ್ಲುವ ತುಣುಕು, ಎಲ್ಲಿಂದಲೋ ಹುಡುಕಿ ತಂದು ಆ ಮಷಿನಿನಲ್ಲೇ ಕಟ್ಟಬೇಕಾಯಿತು. ಎರಡನೇ ದಿನದ ಸಂಜೆ ಆರೂ ಪರದೆಗಳ ಮೂಲೆಯಲ್ಲಿ ಸಿಗ್ನಲ್ಲಿನ ಗೆರೆಗಳು ಮೂಡಿದಾಗ ಶರಣಬಸಮ್ಮ ಎದ್ದು ನಿಂತು ಕೈಮುಗಿದು, "ಭಾಳ ಉಪಕಾರ ಆತ್ರಿ ಸರ" ಅಂದಳು.

ಆ ಎರಡಕ್ಷರ ಫಾರೂಕನ ತಲೆ ಕೆಡಿಸಿತು.

ಕಾರಣ ಹೀಗಿದೆ. ಹಾಗೆ ಕಟ್ಟಿದ ಡ್ರೈವರ್, ಲಿನಕ್ಸಿನ ತಿರುಳು, ಅಂದರೆ ಕರ್ನಲ್, ಯಾವ ಆವೃತ್ತಿಯದೋ ಅದಕ್ಕೆ ಮಾತ್ರ ಹೊಂದುತ್ತದೆ. ತಿಂಗಳು, ಒಂದೂವರೆ ತಿಂಗಳಿಗೆ ಹೊಸ ತಿರುಳು ತಾನಾಗಿ ಇಳಿದು ಬರುತ್ತದೆ. ಬಂದ ದಿನ ಹಳೇ ಡ್ರೈವರ್ ಸತ್ತಂತೆ, ವೈಫೈ ಬಂದ್. ಪ್ರತಿ ಸಲವೂ ಅದು ತಂತಾನೇ ಹೊಸದಾಗಿ ಕಟ್ಟಿಕೊಳ್ಳುವ ಹಾಗೆ ಮಾಡಲು ಒಂದು ಉಪಾಯವಿದೆ, ಡಿಕೆಎಮ್‌ಎಸ್ ಅಂತ. ಒಂದು ಸಾಲು ಟೈಪ್ ಮಾಡಿದರೆ ಮುಗಿಯಿತು. ಮೊದಲ ಸಲ ಫಾರೂಕ ಆ ಸಾಲನ್ನು ನಿಜವಾಗಿಯೂ ಮರೆತಿದ್ದ. ಐದು ವಾರದ ಮೇಲೆ ಶರಣಬಸಮ್ಮನ ಫೋನ್ ಬಂತು: "ಸರ, ನೀವ ಬರಬೇಕ್ರಿ. ನಿಮ್ಮನ್ನ ಬಿಟ್ಟರ ಇದು ಯಾರ ಮಾತೂ ಕೇಳಂಗಿಲ್ಲ." ಅವನು ಹೋದ. ಮಿರ್ಚಿ, ಮಂಡಾಳ ಒಗ್ಗರಣೆ, ಚಹಾ, ಹತ್ತು ಜನ ಓದುಗರ ಎದುರು ಆರು ಸಲ ಸರ. ಎರಡನೇ ಸಲ ಆ ಸಾಲು ಅವನಿಗೆ ನೆನಪಿತ್ತು. ಬೆರಳು ಕೀಲಿಮಣೆಯ ಮೇಲೆ ನಿಂತಿತ್ತು ಕೂಡ. ನಿಂತೇ ಇತ್ತು.

ಹೀಗೆ ಎರಡು ವರ್ಷ ನಡೆಯಿತು. ಅಲ್ಲಿ ಹುಟ್ಟಿದ ದುಡ್ಡು ಹೋಗಿಬರುವ ಪೆಟ್ರೋಲಿಗೂ ಸಾಲುತ್ತಿರಲಿಲ್ಲ. ಅವನು ಹೋಗುತ್ತಿದ್ದದ್ದು ಪೆಟ್ರೋಲಿಗಲ್ಲ.

ಈಗ ಆ ಫೋನ್ ಬಾರದೆ ಮೂರು ತಿಂಗಳಾಗಿತ್ತು. ಅಷ್ಟರಲ್ಲಿ ಹೊಸ ತಿರುಳು ಎರಡು ಸಲ ಬಂದು ಹೋಗಿದೆ ಎಂದು ಫಾರೂಕನಿಗೆ ಗೊತ್ತಿತ್ತು, ಅವನ ಅಂಗಡಿಯ ಮಷಿನಿಗೂ ಬಂದಿತ್ತು. ಮಂಗಳೂರಿನವು ಮಲಗಿರಲೇಬೇಕು. ಮಲಗಿದ ಮೇಲೆ ಅವನನ್ನು ಕರೆಯಲೇಬೇಕು. ಅವನು ಊಟಕ್ಕೆ ಕುಳಿತಾಗ ಫೋನನ್ನು ತಾಟಿನ ಪಕ್ಕ ಇಟ್ಟುಕೊಳ್ಳುತ್ತಿದ್ದ.

"ಅಜೀ, ರೊಟ್ಟಿ ಮುರದು ಫೋನಿಗೆ ತಿನಸಬ್ಯಾಡ್ರಿ," ಅಂದಳು ಹೆಂಡತಿ ಹಸೀಬಾ. "ಮಂಗಳೂರಾಕಿ ನೆಪ್ಪ ತಗದಿಲ್ಲೇನು?"

"ಏನು ಮಾತು ಅಂತ ಆಡತೀ. ಮಷಿನ್ ಕೆಲಸ ಅದು."

"ನನ್ನ ಮಿಕ್ಸರ್ ಕೆಟ್ಟು ರಂಜಾನದಿಂದ ಮೂಲ್ಯಾಗ ಕುಂತೈತಿ. ಅದೂ ಮಷಿನ್ನ. ಅದಕ್ಕ ನಿಮ್ಮನ್ನ ಸರ ಅನ್ನಾಕ ಬರಂಗಿಲ್ಲ ನೋಡ್ರಿ, ಅದಕ್ಕ ಕುಂತೈತಿ."

ಮರುದಿನ ಅವನೇ ಫೋನ್ ಮಾಡಿದ. ಆ ಕಡೆ ಬಂದಿದ್ದೆ, ಕೇಳಿ ಹೋಗೋಣ ಅಂತ, ಎಂದು ಸುಳ್ಳು ಹೇಳಿದ.

"ಎಲ್ಲಾ ಛಲೋ ನಡದಾವ್ರಿ ಸರ!" ಶರಣಬಸಮ್ಮನ ದನಿಯಲ್ಲಿ ಹಬ್ಬವಿತ್ತು. "ನಮ್ಮ ಗಿರಣಿ ಹಾಜಿಸಾಬರ ಸೊಸಿ ಬಂದಾಳಲ್ರಿ, ಗಂಗಾವತಿಯಾಕಿ, ಖುಷ್ಬು ಅಂತ. ಆಕಿ ಒಂದಿನ ಕುಂತು ಏನ ಬಡದಾಳೋ ಏನೋ, ಅವತ್ತಿಂದ ಒಮ್ಮೆನೂ ಬಂದ್ ಬಿದ್ದಿಲ್ರಿ. ನಿಮಗೂ ತ್ರಾಸ ತಪ್ಪಿತು ಸರ, ಪಾಪ, ಅಷ್ಟು ದೂರದಿಂದ ಬರತಿದ್ರಿ."

ಫಾರೂಕ ಫೋನ್ ಇಟ್ಟು ಬಹಳ ಹೊತ್ತು ಅಂಗಡಿಯ ಎದುರಿನ ಚರಂಡಿ ನೋಡಿದ. ಹಿಟ್ಟಿನ ಗಿರಣಿಯವನ ಸೊಸೆ! ಕೊಪ್ಪಳದ ಇಂಜಿನಿಯರ್ ಯಾರಾದರೂ ಆಗಿದ್ದರೆ ಸಹಿಸಬಹುದಿತ್ತು. ದೊಡ್ಡವರ ಕೈಯಲ್ಲಿ ಸೋತರೆ ಸೋಲಿಗೂ ಒಂದು ಇಸ್ತ್ರಿ ಇರುತ್ತದೆ. ಇದು ಮದುವೆಯಾಗಿ ಆರು ತಿಂಗಳಾಗದ, ಮದರಂಗಿಯ ಕೆಂಪು ಇನ್ನೂ ಉಗುರಿನಲ್ಲಿರುವ ಹುಡುಗಿ. ಒಂದೇ ದಿನ ಕುಂತಳಂತೆ. ಬಡಿದಳಂತೆ. ತ್ರಾಸ ತಪ್ಪಿತಂತೆ.

ಮೂರನೇ ದಿನ ಅವನು ಬೈಕ್ ಹತ್ತಿ ಯಲಬುರ್ಗಾ ದಾಟಿ ಮಂಗಳೂರಿಗೆ ಬಂದ. 'ಸರ್ವಿಸ್ ಚೆಕಿಂಗ್' ಎಂದ. ಶರಣಬಸಮ್ಮ, "ಬರ್ರಿ ಬರ್ರಿ ಸರ" ಎಂದೇನೋ ಅಂದಳು. ಅವನ ಕಿವಿ ತೂಕ ಹಾಕಿ ನೋಡಿತು, ಮೊದಲಿನಷ್ಟು ಇರಲಿಲ್ಲ. ಗೋಡೆಯ ಪಕ್ಕ ಖುಷ್ಬು ಇಬ್ಬರು ಹೆಣ್ಣುಮಕ್ಕಳಿಗೆ ಏನೋ ತೋರಿಸುತ್ತಿದ್ದಳು. ತಲೆಯ ಮೇಲಿನ ದುಪಟ್ಟಾ ಸರಿಮಾಡಿಕೊಂಡು ಎದ್ದು ಸಲಾಂ ಹೇಳಿದಳು.

"ನೀವ ಏನ್ರಿ ಫಾರೂಕಭಾಯಿ? ನಿಮ್ಮನ್ನ ನೋಡಬೇಕಂತಿದ್ದೆ. ನಾ ಕಲ್ತಿದ್ದು ನಿಮ್ಮ ಕಡಿಂದನ."

"ನಾ ಯಾವಾಗ ಕಲಿಸೀನವಾ?"

"ಮಷಿನ್ಯಾಗ ನೀವು ಹಿಂದ ಟೈಪ್ ಮಾಡಿದ್ದು ಎಲ್ಲಾ ಹಂಗ ಉಳದಿತ್ರಿ. ಮ್ಯಾಲಿನ ಬಾಣದ ಕೀಲಿ ಒತ್ತಿಗೋತ ಹೋದ್ನಿ, ಎರಡು ವರ್ಷದ್ದು ಪೂರಾ ಓದಿದೆ. ಭಾಳ ಛಲೋ ಬರದೀರಿ. ಒಂದ ಸಾಲು ಬಿಟ್ಟಿತ್ರಿ ಪ್ರತಿ ಸಲ. ಅದೊಂದು ನಾ ಹಾಕಿದೆ."

ಅವಳ ಮುಖದಲ್ಲಿ ಕೊಂಕು ಹುಡುಕಿದ, ಸಿಗಲಿಲ್ಲ. ಸಿಕ್ಕಿದ್ದರೆ ಚೆನ್ನಾಗಿತ್ತು. ತನ್ನ ಎರಡು ವರ್ಷವನ್ನು ಇವಳು ಒಂದು ಮಧ್ಯಾಹ್ನ ಓದಿ ಮುಗಿಸಿದ್ದಾಳೆ, ಮುಗಿಸಿ ತಿದ್ದಿದ್ದಾಳೆ, ತಿದ್ದಿ ಭಾಯಿ ಅಂದಿದ್ದಾಳೆ. ಅಷ್ಟರಲ್ಲಿ ಶರಣಬಸಮ್ಮ ಚಹಾ ಲೋಟ ತಂದಳು. ತಂದವಳು ಮೊದಲು ಖುಷ್ಬುವಿಗೆ ಕೊಟ್ಟಳು. ಖುಷ್ಬು ಬಾಗಿಲ ಕಡೆ ಇದ್ದಳು, ಅವಳೇ ಮೊದಲು ಸಿಕ್ಕಳು, ಅಷ್ಟೇ. ಆದರೆ ಹೊಟ್ಟೆಕಿಚ್ಚಿಗೆ ದಾರಿ ದೂರ ಕೇಳುವ ವ್ಯವಧಾನವಿಲ್ಲ.

ಸ್ವಲ್ಪ ಹೊತ್ತಿಗೆ ಗಿರಣಿಯಿಂದ ಮಾವ ಕರೆಯುತ್ತಿದ್ದಾನೆ ಎಂದು ಖುಷ್ಬು ಹೋದಳು. ಶರಣಬಸಮ್ಮ ಲೋಟ ತೊಳೆಯಲು ಹಿಂದೆ ಹೋದಳು. ಫಾರೂಕ ಎದುರಿಗಿದ್ದ ನಾಲ್ಕನೇ ನಂಬರಿನ ಮಷಿನಿನ ಮುಂದೆ ಕುಳಿತ. ಪಾಸ್‌ವರ್ಡ್ ಅವನದೇ ಇತ್ತು, ಯಾರೂ ಬದಲಿಸಿರಲಿಲ್ಲ. ಅದನ್ನು ನಂಬಿಕೆ ಎಂದು ತಿಳಿಯಬಹುದಿತ್ತು. ಅವನು ಉಡಾಫೆ ಎಂದು ತಿಳಿದ. ಸಾಲಿನ ಮುಂದೆ ಒಂದು ಜಾಗ ಖಾಲಿ ಬಿಟ್ಟು ಟೈಪ್ ಮಾಡಿದರೆ ಆ ಸಾಲು ಬಾಣದ ಕೀಲಿಗೆ ಸಿಗುವುದಿಲ್ಲ ಎನ್ನುವುದು ಅವನಿಗೆ ಗೊತ್ತಿತ್ತು. ಖಾಲಿ ಬಿಟ್ಟ. ಡ್ರೈವರನ್ನೂ ಅವಳ ಆ ಒಂದು ಸಾಲಿನ ಕೆಲಸವನ್ನೂ ಬೇರು ಸಮೇತ ಕಿತ್ತ. ಕಿತ್ತರೂ ಈಗಲೇ ಏನೂ ಆಗುವುದಿಲ್ಲ. ಮಷಿನ್ ಆರಿಸಿ ನಾಳೆ ಹಚ್ಚಿದಾಗ ವೈಫೈ ಇರುವುದಿಲ್ಲ. ಐದನೇ ನಂಬರಿಗೆ ಕೈ ಹಾಕುವಷ್ಟರಲ್ಲಿ ಶರಣಬಸಮ್ಮನ ಬಳೆಯ ಸದ್ದಾಯಿತು.

"ಎಲ್ಲಾ ಬರೋಬರಿ ಐತ್ರಿ ಮೇಡಂ," ಎಂದ ಫಾರೂಕ.

ಮರುದಿನ ಅಂಗಡಿಯನ್ನು ಎಂಟಕ್ಕೇ ತೆಗೆದ. ಹತ್ತೂವರೆಗೆ ಫೋನ್ ಬಂತು.

"ಸರ, ನಾಲ್ಕನೇದು ಮಲಕೊಂಡೈತ್ರಿ. ಉಳದಾವು ಐದೂ ಸುದ್ದ ಅದಾವು. ಲಗೂನ ಬರ್ರಿ ಸರ."

"ಗಿರಣಿ ಸೊಸಿ ಇದ್ದಾಳಲ್ರಿ?" ಕೇಳದೇ ಇರಲಾಗಲಿಲ್ಲ.

"ಆಕಿನೂ ನೋಡಿದ್ಳು, ಸುಮ್ಮನ ನಿಂತಾಳ. ಇದು ಆಕಿ ಕೈಯಾಗಿನ ಮಾತಲ್ರಿ. ನೀವು ಬರ್ರಿ ಮೊದಲ."

ಆಕೆಯ ಕೈಯೊಳಗಿನ ಮಾತಲ್ಲ. ಫಾರೂಕ ಈದಿಗೆ ಹೊಲಿಸಿದ ಅಂಗಿ ಹಾಕಿದ. ಹಸೀಬಾ ಬಾಗಿಲಲ್ಲಿ ನಿಂತು ಮೇಲಿಂದ ಕೆಳಗೆ ನೋಡಿದಳು. "ಮಷಿನ್ ನೋಡಾಕ ಹೊಂಟೀರೋ, ಹೆಣ್ಣು ನೋಡಾಕ ಹೊಂಟೀರೋ?" ಅವನು ನಗುತ್ತ ಬೈಕಿಗೆ ಕಿಕ್ ಹೊಡೆದ. ದಾರಿಯುದ್ದಕ್ಕೂ ಎರಡು ಕಡೆಯ ಹೊಲಗಳು ಅವನಿಗೆ ಸರ ಸರ ಎನ್ನುತ್ತಿದ್ದವು.

ಗ್ರಂಥಾಲಯದ ಮುಂದೆ ಹದಿನೈದು ಜನ ಸೇರಿದ್ದರು. ಅವನು ಅದು ತನಗಾಗಿ ಎಂದುಕೊಂಡ. ಒಳಗೆ ನಾಲ್ಕನೇ ನಂಬರಿನ ಮಷಿನಿನ ಮೇಲೆ ಹಸಿರು ಕುಬಸದ ಖಣ ಹೊದಿಸಿದ್ದರು, ಬಾಣಂತಿ ಕೋಣೆಗೆ ಪರದೆ ಕಟ್ಟಿದಂತೆ. ಗ್ರಂಥಾಲಯದ ಕಸ ಹೊಡೆಯುವ ಮಾಳವ್ವ ಮೊರದಲ್ಲಿ ಉಪ್ಪು, ಒಣ ಮೆಣಸಿನಕಾಯಿ, ಸಾಸಿವೆ, ಕಸಬರಿಗೆಯ ಎರಡು ಕಡ್ಡಿ ಜೋಡಿಸಿಕೊಂಡು ಕುಳಿತಿದ್ದಳು. ಅಂಗಳದಲ್ಲಿ ಬೆಂಕಿ ಕೆಂಡವಾಗಿತ್ತು.

"ನೆದರ ಆಗೈತ್ರಿ ಸರ," ಅಂದಳು ಶರಣಬಸಮ್ಮ. "ಆರರಾಗ ಒಂದಕ್ಕ ಹೆಂಗ ಕೆಡತೈತ್ರಿ, ಕೆಟ್ಟರ ಎಲ್ಲಾ ಕೆಡಬೇಕು. ಯಾರದೋ ಕಣ್ಣು ಬಿದ್ದದ್ದು. ಮಾಳವ್ವ ನೆದರ ತಗೀತಾಳ, ಆಮ್ಯಾಲ ನೀವು ರಿಪೇರಿ ಮಾಡ್ರಿ. ಎರಡೂ ಕಡಿಂದ ಆಗಲಿ."

ಫಾರೂಕನಿಗೆ ನಗು ಬಂತು. ಅವನ ಮನೆಯಲ್ಲೂ ಮಗುವಿಗೆ ಜ್ವರ ಬಂದರೆ ಡಾಕ್ಟರ್ ಒಂದು ಕಡೆ, ದರ್ಗಾದ ದಾರ ಒಂದು ಕಡೆ. ಆದರೆ ಬಾಗಿಲ ಹೊರಗೆ ಒಬ್ಬಳೇ ದೂರ ನಿಂತಿದ್ದ ಹೆಂಗಸನ್ನು ಅವನು ಆಗ ನೋಡಿದ. ಕಳೆ ತೆಗೆಯುವ ಕೂಲಿಗೆ ಹೋಗುವ ಕಸ್ತೂರೆಮ್ಮ. ಹೆಗಲ ಮೇಲಿನ ಸೆರಗಿಗೆ ಇನ್ನೂ ಹೊಲದ ಹುಲ್ಲು ಹತ್ತಿತ್ತು, ಕೆಲಸದಿಂದಲೇ ಕರೆಸಿದ್ದರು.

"ನಿನ್ನಿ ಸಂಜೀಕ ಈಕಿ ಬಂದಿದ್ಳರಿ, ಮೊದಲನೇ ಸಲ," ಮಾಳವ್ವ ವಿವರಿಸಿದಳು. "ಆಡಿಗೆ ಕಾಲುಬ್ಯಾನಿ ಬಂದೈತಿ, ಏನರ ಔಷಧ ತೋರಸ್ರಿ ಅಂತ. ಖುಷ್ಬವ್ವ ಇದ ನಾಕನೇದರ ಮುಂದ ಕುಂದರಿಸಿ ತೋರಿಸ್ಯಾಳ. ನೋಡಿ ಈಕಿ ಏನಂದ್ಳು ಗೊತ್ತೈತೇನ್ರಿ? 'ಯವ್ವಾ, ಎಷ್ಟು ಛಂದ ಐತೆವ್ವಾ ಇದು!' ಅಂದ್ಳು. ನೆದರ ಆಗಬಾರದಂತ ಥೂ ಅನ್ನಲಿಲ್ಲ, ಏನಿಲ್ಲ. ಮುಂಜಾನಿ ನೋಡಿದ್ರ ಹಿಂಗ."

"ಹೋದ ವರ್ಷ ಪಕ್ಕೀರಪ್ಪನ ಎಮ್ಮಿ ನೋಡಿ ಹಿಂಗ ಅಂದಿದ್ಳು," ಹಿಂದಿನಿಂದ ಯಾರೋ ಅಂದರು. "ಮರುದಿನ ಹಾಲು ಬತ್ತಿತ್ತು."

"ಆ ಎಮ್ಮಿ ಮುದುಕಿ ಆಗಿತ್ತೋ ಯಪ್ಪಾ," ಅಂದಳು ಕಸ್ತೂರೆಮ್ಮ. ಅವಳ ದನಿಯಲ್ಲಿ ಜಗಳವಿರಲಿಲ್ಲ. ಬಹಳ ಸಲ ಹೇಳಿ ಸವೆದ ಮಾತಿನ ಹಾಗಿತ್ತು.

ನೆದರ ತೆಗೆಯಲು ಕಣ್ಣು ಹಾಕಿದವರ ಕಾಲ ಧೂಳಿ ಬೇಕು. ಅದನ್ನು ಕದ್ದು ತರುವುದು ರೂಢಿ, ಅವರಿಗೆ ಗೊತ್ತಾಗದ ಹಾಗೆ, ಮಾನ ಹೋಗದ ಹಾಗೆ. ಆದರೆ ಗ್ರಂಥಾಲಯ ಸರಕಾರದ್ದು, ಮುಚ್ಚುಮರೆ ಯಾಕೆ ಎಂದು ಮಾಳವ್ವ ಎದುರಿಗೇ ಕರೆಸಿದ್ದಳು. ಹದಿನೈದು ಜನರ ಎದುರು.

"ತಗೋರವ್ವಾ," ಅಂದಳು ಕಸ್ತೂರೆಮ್ಮ, ಚಪ್ಪಲಿಯಿಂದ ಕಾಲು ಹೊರಗೆ ತೆಗೆದು. "ನನ್ನ ಕಾಲಾಗ ಧೂಳಿಗೇನು ಬರ? ತಗೊಂಡು ಲಗೂ ಬಿಡ್ರಿ, ಇನ್ನ ಎರಡು ಸಾಲು ಕಳೆ ಉಳದಾವ. ಆದ್ರ ಒಂದು ಹೇಳ್ರಿ. ನಾ ಮತ್ತ ಇಲ್ಲಿ ಬರಬಹುದೋ ಬ್ಯಾಡೋ? ಔಷಧ ಅರ್ಧಾ ನೋಡೀನಿ."

ಶರಣಬಸಮ್ಮ ರಿಜಿಸ್ಟರಿನ ಮೂಲೆ ಮಡಚಿ ಬಿಚ್ಚಿದಳು.

ಖುಷ್ಬು ಆವರೆಗೆ ಗೋಡೆಗೆ ಒರಗಿ ನಿಂತಿದ್ದಳು. ಹೊಸ ಸೊಸೆ, ಅತ್ತೆಯ ಗೆಳತಿ ಮಾಳವ್ವ, ಎದುರು ಮಾತಾಡುವ ಹಾಗಿಲ್ಲ. ಅವಳು ಮೆಲ್ಲಗೆ ಫಾರೂಕನ ಪಕ್ಕಕ್ಕೆ ಬಂದಳು.

"ಭಾಯಿ, ಖಣ ಹೊಚ್ಚೂಕಿಂತ ಮೊದಲ ನಾ ನೋಡೀನಿ," ಅಂದಳು ಪಿಸುದನಿಯಲ್ಲಿ. "ಡ್ರೈವರ್ ಕೆಟ್ಟಿಲ್ಲ, ಇಲ್ಲವೇ ಇಲ್ಲ. ಕಣ್ಣು ಬಿದ್ದರ ಕೆಡತೈತಿ, ಕಳುವು ಆಗಂಗಿಲ್ಲ."

"ಬಾಣದ ಕೀಲಿಗೆ ಏನರ ಸಿಕ್ಕಿತೇನು?" ಅವನೂ ದನಿ ತಗ್ಗಿಸಿದ.

"ಬಾಣಕ್ಕ ಸಿಗಲಿಲ್ಲ. ಪಾಸ್‌ವರ್ಡ್ ಕೊಟ್ಟು ಮಾಡಿದ ಕೆಲಸಕ್ಕ ಮಷಿನ್ ಬ್ಯಾರೆ ರಿಜಿಸ್ಟರ್ ಇಡತೈತ್ರಿ. ನಿನ್ನಿ ಹನ್ನೊಂದೂ ನಲವತ್ತೆರಡು." ಅವಳು ನೆಲ ನೋಡುತ್ತಿದ್ದಳು. "ನಾ ಯಾರಿಗೂ ಹೇಳಿಲ್ಲ. ಹೇಳಂಗೂ ಇಲ್ಲ. ನಿಮಗ ಬಿಟ್ಟೀನಿ."

ಫಾರೂಕ ಕಸ್ತೂರೆಮ್ಮನ ಕಾಲು ನೋಡಿದ. ಮಾಳವ್ವ ಬಗ್ಗಿ, ಎಡ ಹಿಮ್ಮಡಿಯ ಬಿರುಕಿನ ಹತ್ತಿರ ಬೆರಳು ತಂದಿದ್ದಳು. ಸುಮ್ಮನಿದ್ದರೆ ಎಲ್ಲವೂ ಅವನ ಪಾಲಿಗೆ ನೇರವಾಗುತ್ತಿತ್ತು. ಧೂಳಿ ಹೋಗುತ್ತದೆ, ಮೆಣಸಿನಕಾಯಿ ಸುಡುತ್ತದೆ, ಆಮೇಲೆ ಅವನು ಕುಳಿತು ಹತ್ತು ನಿಮಿಷದಲ್ಲಿ ಮಷಿನ್ ಎಬ್ಬಿಸುತ್ತಾನೆ. ಮಂಗಳೂರಿನಲ್ಲಿ ಅವನು ಮತ್ತೆ ಸರ, ಗಿರಣಿಯ ಸೊಸೆ ಮತ್ತೆ ಗಿರಣಿಯ ಸೊಸೆ. ಕಸ್ತೂರೆಮ್ಮ ಮೊದಲೂ ಕೆಟ್ಟ ಕಣ್ಣಿನವಳೇ, ಇನ್ನೊಂದು ಎಮ್ಮೆ ಲೆಕ್ಕಕ್ಕೆ ಸೇರುತ್ತದೆ.

ಮುಂದೆ ಅವನು ಮಾಡಿದ್ದಕ್ಕೆ ಕಾರಣ ಕರುಣೆ ಎಂದು ಹೇಳುವವರಿದ್ದಾರೆ. ಸ್ವಲ್ಪ ಇದ್ದೀತು, ಆ ಹಿಮ್ಮಡಿಯ ಬಿರುಕು ನೋಡಿದರೆ ಯಾರಿಗೂ ಅನಿಸುವಷ್ಟು. ಆದರೆ ಅವನನ್ನು ಬಲ್ಲವರಿಗೆ ಇನ್ನೊಂದೂ ಗೊತ್ತು. ಅಲ್ಲಿ ನಡೆದದ್ದೆಲ್ಲ ಅವನ ಕೈಕೆಲಸ. ಖಾಲಿ ಜಾಗ ಬಿಟ್ಟು, ಬೇರು ಹುಡುಕಿ, ಅಷ್ಟು ನಾಜೂಕಾಗಿ ಮಾಡಿದ ಕೆಲಸ. ಅದರ ಹೆಸರನ್ನು ಆಡಿನ ಕಾಲು ನೋಡಲು ಬಂದ ಹೆಂಗಸು ಹೊತ್ತುಕೊಂಡು ಹೋಗುವುದು ಅವನ ಹೊಟ್ಟೆಗೆ ತಡೆಯಲಿಲ್ಲ. ಖುಷ್ಬುವಿನ ಮೇಲೆ ಕಿಚ್ಚುಪಟ್ಟ ಆ ಹೊಟ್ಟೆ ಈಗ ಕಸ್ತೂರೆಮ್ಮನ ಮೇಲೂ ಕಿಚ್ಚುಪಟ್ಟಿತು.

"ಮಾಳವ್ವ, ತಡಿ," ಎಂದ. "ಆಕಿದಲ್ಲ. ಕಣ್ಣು ನಂದು."

ಮಾಳವ್ವ ಬಗ್ಗಿದಲ್ಲಿಂದಲೇ ತಲೆ ಎತ್ತಿದಳು.

"ನಿನ್ನಿ ಬಂದಾಗ ಈ ಹುಡುಗಿ ಮಾಡಿದ್ದು ನೋಡಿದೆ. ಎರಡು ವರ್ಷ ನಾ ಮಾಡದ್ದು ಈಕಿ ಒಂದ ದಿನದಾಗ ಮಾಡಿ ಕುಂತಾಳಲ್ಲ ಅಂತ ಹೊಟ್ಟಿ ಉರೀತು. ನಾಲ್ಕನೇದರ ಮುಂದನ ಕುಂತಿದ್ದೆ. ಭಾಳ ಹೊತ್ತು ನೋಡೀನಿ." ಒಂದು ಕ್ಷಣ ಬಿಟ್ಟು, "ನೋಡಬಾರದಂಗ ನೋಡೀನಿ," ಎಂದ.

ಅದರಲ್ಲಿ ಸುಳ್ಳಾದ ಒಂದು ಪದವೂ ಇರಲಿಲ್ಲ. ಆದರೂ ನಿಜ ಪೂರ್ತಿ ಹೊರಬಂದಿರಲಿಲ್ಲ. ಆ ಅಡಾಪ್ಟರಿನಂತೆ ಅವನೂ ಸಿಡಿಯ ವೇಷದಲ್ಲೇ ಇದ್ದ ಎಂದರೆ ತಪ್ಪಾಗಲಿಕ್ಕಿಲ್ಲ. ಆದರೆ ಮಂಗಳೂರಿಗೆ ಅಷ್ಟು ಸಾಕಾಗಿತ್ತು. ಜನ ಒಂದು ಹೆಜ್ಜೆ ಹಿಂದೆ ಸರಿದರು. ಎಲ್ಲರ ಕಣ್ಣೂ ಕಸ್ತೂರೆಮ್ಮನನ್ನು ಬಿಟ್ಟು ಅವನ ಕಣ್ಣಿನ ಕಡೆಗೆ ಬಂದು, ಬಂದಷ್ಟೇ ಬೇಗ ಬೇರೆ ಕಡೆ ಹೋದವು.

"ಸರ, ನೀವು... ಓದಿದವರು," ಅಂದಳು ಶರಣಬಸಮ್ಮ ತೊದಲುತ್ತ.

"ಓದಿದವರ ಕಣ್ಣು ಇನ್ನೂ ಕೆಟ್ಟ ಇರತಾವವ್ವಾ," ಅಂದಳು ಮಾಳವ್ವ, ಅನುಭವದ ಮೇಲೆ. "ಯಪ್ಪಾ, ಬೂಟು ಬಿಚ್ಚು."

ಫಾರೂಕ ಈದಿನ ಅಂಗಿಗೆ ಸರಿಹೋಗಲಿ ಎಂದು ಹಾಕಿದ್ದ ಬೂಟು ಬಿಚ್ಚಿದ, ಸಾಕ್ಸ್ ಬಿಚ್ಚಿದ. ಕಾಲು ಸ್ವಚ್ಛವಾಗಿತ್ತು. ಮಾಳವ್ವ ಮುಖ ಕಿವುಚಿ ಅವನನ್ನು ಅಂಗಳದಲ್ಲಿ ಎರಡು ಸುತ್ತು ಬರಿಗಾಲಲ್ಲಿ ನಡೆಸಿ, ಆಮೇಲೆ ಪಾದದಡಿಯ ಮಣ್ಣನ್ನು ಚಿಟಿಕೆಯಲ್ಲಿ ಕೆರೆದುಕೊಂಡಳು. ಕಸ್ತೂರೆಮ್ಮ ತನ್ನ ಕಾಲನ್ನು ಚಪ್ಪಲಿಗೆ ಮರಳಿಸಿ, ಹೊಲಕ್ಕೆ ಹೋಗುವ ಮಾತು ಮರೆತು, ಬಾಗಿಲಿಗೆ ಒರಗಿ ನಿಂತಳು. ಇಂಥದ್ದು ದಿನಾ ನೋಡಲು ಸಿಗುವುದಿಲ್ಲ.

ಮಾಳವ್ವ ಖಣ ಸರಿಸಿ, ಪರದೆಗೆ ಮೂರು ಸಲ, ಡಬ್ಬಕ್ಕೆ ಮೂರು ಸಲ, ಬೆರಳುದ್ದದ ಆ ಅಡಾಪ್ಟರಿಗೆ ಪ್ರತ್ಯೇಕ ಒಂದು ಸಲ ನಿವಾಳಿಸಿದಳು. ತಂದು ಕೆಂಡಕ್ಕೆ ಸುರಿದಳು. ಮೆಣಸಿನಕಾಯಿ ಚಟಪಟ ಸಿಡಿದವು. ಒಬ್ಬರಿಗೂ ಕೆಮ್ಮು ಬರಲಿಲ್ಲ. ಗಾಳಿ ಪಂಚಾಯತಿ ಕಚೇರಿಯ ಕಡೆಗೆ ಬೀಸುತ್ತಿತ್ತು, ಅಲ್ಲಿ ಯಾರೋ ಕೆಮ್ಮುವುದು ಕೇಳುತ್ತಲೂ ಇತ್ತು. ಆದರೆ ಲೆಕ್ಕಕ್ಕೆ ಬರುವುದು ಇಲ್ಲಿಯ ಮೂಗುಗಳು.

"ನೋಡ್ರಿ, ಒಂದೀಟು ಘಾಟು ಬರಲಿಲ್ಲ," ಮಾಳವ್ವ ಗೆದ್ದವಳಂತೆ ತಿರುಗಿದಳು. "ಎಂಥಾ ಕಣ್ಣು! ಕಲ್ಲು ಸೀಳುವ ಕಣ್ಣು. ನನ್ನ ವಯಸ್ಸಿನಾಗ ಇಂಥಾದ್ದು ಎರಡನೇದ್ದು ನೋಡೂದು."

ಫಾರೂಕನಿಗೆ ನಾಚಿಕೆಯಾಯಿತು. ನಾಚಿಕೆಯ ಕೆಳಗೆ, ತೀರ ತ‍ಳದಲ್ಲಿ, ಮೊದಲನೆಯದು ಯಾರದ್ದಿರಬಹುದು ಎಂದು ಒಂದು ಕುತೂಹಲವೂ ಎದ್ದಿತು.

ಅವನು ಮಷಿನಿನ ಕಡೆ ಹೆಜ್ಜೆ ಇಟ್ಟ. ಶರಣಬಸಮ್ಮ ಗಾಬರಿಯಾಗಿ ನಡುವೆ ಬಂದಳು. "ನೀವು ಬ್ಯಾಡ್ರಿ ಸರ. ಈಗರ ತಗದಾರ. ನೀವು ಆ ಪೇಪರ್ ಇಡೋ ಕಡಿ ಮಾರಿ ಮಾಡಿ ಕುಂದರ್ರಿ, ಚಾ ತರತೀನಿ. ಖುಷ್ಬು, ನೀ ನೋಡವಾ."

ಅವನು ಹಾಗೇ ಕುಳಿತ. ಎದುರಿಗೆ ನಿನ್ನೆಯ ಪೇಪರು, ಬೆನ್ನ ಹಿಂದೆ ಕೀಲಿಮಣೆಯ ಸದ್ದು. ಖುಷ್ಬು ತನ್ನ ಮೊಬೈಲನ್ನು ವೈರಿನಿಂದ ಮಷಿನಿಗೆ ಜೋಡಿಸಿ ನೆಟ್ ಕೊಟ್ಟದ್ದು ಅವನಿಗೆ ನೋಡದೆಯೂ ತಿಳಿಯಿತು. ಡ್ರೈವರ್ ತಂದಳು, ಕಟ್ಟಿದಳು. ಆ ಒಂದು ಸಾಲನ್ನು ಹೊಡೆಯುವಾಗ ಅವಳ ಬೆರಳು ಎಲ್ಲೂ ನಿಲ್ಲಲಿಲ್ಲ. ಅದನ್ನೂ ಅವನು ಕೇಳಿಸಿಕೊಂಡ. ಐದು ನಿಮಿಷ. ಅವನಾಗಿದ್ದರೆ ಹತ್ತು.

"ಬಂತು! ಗೆರಿ ಬಂದ್ವು!" ಯಾರೋ ಕೂಗಿದರು. ಎಲ್ಲರೂ ಮಾಳವ್ವನ ಕಡೆ ತಿರುಗಿದರು. ಒಬ್ಬ ತನ್ನ ಚಾರ್ಜ್ ನಿಲ್ಲದ ಮೊಬೈಲನ್ನು ಆಗಲೇ ಅವಳ ಮೊರದಲ್ಲಿ ಇಟ್ಟಿದ್ದ. ಖುಷ್ಬು ಕಸ್ತೂರೆಮ್ಮನನ್ನು ಕರೆದು ನಾಲ್ಕನೇ ನಂಬರಿನ ಮುಂದೆ ಕೂರಿಸಿ, ಆಡಿನ ಔಷಧದ ವಿಡಿಯೋದ ಉಳಿದರ್ಧ ಹಚ್ಚಿದಳು. ಫಾರೂಕ ಪೇಪರಿನ ಮೇಲೆ ಕಣ್ಣಿಟ್ಟು ಚಹಾ ಕುಡಿದ. ಐದು ನಿಮಿಷದ ಖುಷ್ಬುವಿನ ಮೇಲೆ, ಒಂದು ಚಿಟಿಕೆ ಉಪ್ಪಿನ ಮಾಳವ್ವನ ಮೇಲೆ, ಪರದೆಯ ಎದುರು ಕುಳಿತ ಕಸ್ತೂರೆಮ್ಮನ ಮೇಲೆ ಸರದಿಯಂತೆ ಹೊಟ್ಟೆಕಿಚ್ಚುಪಟ್ಟ. ಯಾರನ್ನೂ ತಿರುಗಿ ನೋಡುವ ಹಾಗಿರಲಿಲ್ಲವಾದ್ದರಿಂದ ಯಾರಿಗೂ ಏನೂ ಆಗಲಿಲ್ಲ.

ಐದು ವಾರ ಕಳೆಯಿತು. ಫಾರೂಕ ಊಟಕ್ಕೆ ಕುಳಿತಿದ್ದಾಗ ಫೋನ್ ಬಂತು. ಹಸೀಬಾಳೇ ಎತ್ತಿ ಸ್ಪೀಕರಿಗೆ ಹಾಕಿ ಅವನ ಮುಂದೆ ಹಿಡಿದಳು.

"ಸರ, ಆರಾಮ್ರಿ?" ಶರಣಬಸಮ್ಮ. "ನಾಳಿ ಮಷಿನಿಗೆ ಅಪ್‌ಡೇಟ್ ಐತಂತ, ಖುಷ್ಬು ಹೇಳ್ಯಾಳ. ಏನೂ ಕೆಟ್ಟಿಲ್ಲ ಸರ, ಸುದ್ದ ಅದಾವು. ಆದ್ರ ಮಾಳವ್ವ ಅಂತಾಳ, ಅಪ್‌ಡೇಟ್ ಆಗೂಕಿಂತ ಮೊದಲ ಒಮ್ಮೆ ಆರಕ್ಕೂ ನಿವಾಳಿಸಿಬಿಡೂನು, ನಿಶ್ಚಿಂತಿ ಆಗತೈತಿ ಅಂತ. ಬ್ಯಾರೆದವ್ರ ಧೂಳಿ ನಡಿಯಂಗಿಲ್ಲಂತ, ನಿಮ್ಮದ ಬೇಕಂತ. ಒಂದೀಟು ಬಂದು ಹೋಗ್ರಿ ಸರ. ಮಿರ್ಚಿ ಮಾಡಿಸಿರತೀನಿ."

ಫಾರೂಕ ರೊಟ್ಟಿಯ ತುಣುಕನ್ನು ಕೈಯಲ್ಲೇ ಹಿಡಿದು ಕುಳಿತ. ಹಸೀಬಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು, ಅವಳ ಭುಜ ಅಲುಗುತ್ತಿತ್ತು.

"ಎಷ್ಟೊತ್ತಿಗೆ ಬರ್ಲಿ ಮೇಡಂ?" ಎಂದ.

"ಹತ್ತಕ್ಕ ಬರ್ರಿ. ಮತ್ತ ಸರ, ಬೂಟು ಹಾಕ್ಕೊಂಡು ಬರಬ್ಯಾಡ್ರಿ. ಚಪ್ಪಲ್ ಹಾಕ್ಕೋರಿ, ಧೂಳಿ ಛಲೋ ಬರತೈತಿ."